ಜೀವನಾಂಶಕ್ಕೆ ಅಡ್ಡ ಬಂದ ಹೆಸರು

ಪೀಣ್ಯದ ನಮ್ಮ ಮನೆಯ ಕೆಳಗಿನ ಕೋಣೆಗೆ ಆ ಗಂಡ ಹೆಂಡತಿ ಬಾಡಿಗೆಗೆ ಬಂದ ದಿನ ನಾನು ಅಲ್ಲಿದ್ದೆ ಎಂದು ಕಳೆದ ವರ್ಷದವರೆಗೂ ನಂಬಿದ್ದೆ. ಆಟೋದಿಂದ ಇಳಿದ ಆಕೆಯ ಕೈಯಲ್ಲಿ ಕುಕ್ಕರ್ ಇತ್ತು. ಆತ ಗ್ಯಾಸ್ ಒಲೆಯನ್ನು ಹೆಗಲ ಮೇಲೆ ಹೊತ್ತಿದ್ದ. ಬಾಡಿಗೆಗೆ ಯಾರೇ ಬರಲಿ, ಮೊದಲು ಹಾಲುಕ್ಕಿಸಿ ಆಮೇಲೆ ಸಾಮಾನು ಇಳಿಸಿ ಎನ್ನುವವಳು ನಮ್ಮಮ್ಮ. ಹಾಲು ಉಕ್ಕಿ ಒಲೆಯ ಕೆಳಗೆಲ್ಲ ಹರಿದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದನ್ನು ನಾನು ಕಣ್ಣಾರೆ ಕಂಡವಳಂತೆ ಹಲವರಿಗೆ ಹೇಳಿದ್ದೇನೆ. ಪ್ರಮಾಣ ಮಾಡಿ ಕೋರ್ಟಿನಲ್ಲಿ ಹೇಳಬೇಕಾಗಿ ಬಂದಾಗಲೇ ಆ ನೆನಪನ್ನು ತಿರುಗಿಸಿ ನೋಡಿದ್ದು.

ಮನೆ ಅಪ್ಪ ಕಟ್ಟಿಸಿದ್ದು. ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ಅಪ್ಪ, ಬೋನಸ್ ಬಂದಾಗಲೆಲ್ಲ ಒಂದಿಷ್ಟು ಗೋಡೆ ಎಬ್ಬಿಸಿ, ಹದಿನೈದು ವರ್ಷದಲ್ಲಿ ನೆಲಮಹಡಿಯ ಮೇಲೆ ಎರಡು ಮಹಡಿ ಮುಗಿಸಿದರು. ಅವರು ಹೋದ ಮೇಲೆ ಅಮ್ಮ ಮೊದಲ ಮಹಡಿಯಲ್ಲಿ ತಾನಿದ್ದುಕೊಂಡು ಉಳಿದದ್ದನ್ನು ಬಾಡಿಗೆಗೆ ಕೊಟ್ಟಳು. ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಬಳಸುವುದು ಹೇಗೆಂದು ಕೈಪಿಡಿ ಬರೆಯುವ ಕೆಲಸದಲ್ಲಿದ್ದೇನೆ. ವಾಸ ಬ್ರೂಕ್‌ಫೀಲ್ಡಿನಲ್ಲಿ. ಭಾನುವಾರಗಳಂದು ಮಾತ್ರ ಪೀಣ್ಯಕ್ಕೆ ಹೋಗುತ್ತಿದ್ದೆ.

ಅಮ್ಮ ಮದುವೆಯಾದವರಿಗೆ ಮಾತ್ರ ಮನೆ ಕೊಡುತ್ತಿದ್ದಳು. ಕಾರ್ಖಾನೆಗಳ ಸುತ್ತ ಒಂಟಿ ಹುಡುಗರೇ ಹೆಚ್ಚು. ಅವರಿಗೆ ಕೊಟ್ಟಿದ್ದರೆ ಬಾಡಿಗೆ ಇನ್ನೂ ಜಾಸ್ತಿ ಬರುತ್ತಿತ್ತು. ಅಮ್ಮ ಕೇಳುತ್ತಿರಲಿಲ್ಲ. ಬಾಡಿಗೆ ಕರಾರಿನಲ್ಲಿ ಗಂಡನ ಹೆಸರಿನ ಜೊತೆ ಹೆಂಡತಿಯ ಹೆಸರೂ ಇರಲೇಬೇಕು ಎಂಬುದು ಅವಳದೇ ಕಟ್ಟಳೆ.

"ಎಂಡ್ರು ಎಸ್ರೂ ಆಕು," ಎನ್ನುತ್ತಿದ್ದಳು. "ನಾಳೆ ಇನ್ಯಾವಳ್ನೋ ಕರ್ಕೊಂಡ್ ಬಂದು ಇವ್ಳೇ ನನ್ ಎಂಡ್ತಿ ಅಂದ್ರೆ ಏನ್ ಮಾಡ್ತೀಯ?"

"ಯಾವ ಮನೆ ಮಾಲೀಕರೂ ಹೀಗೆ ಬರೆಸಲ್ಲಮ್ಮ."

"ಅವ್ರು ಓದ್ದೋರು. ನಂಗೆ ಬೇಕು, ಬರಿ."

ಬರೆಯುವವಳು ನಾನು. ಮೊದಲೊಮ್ಮೆ ಟೈಪಿಂಗ್ ಅಂಗಡಿಯಲ್ಲಿ ಮಾಡಿಸಿದ ಕರಾರಿನ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಹೊಸಬರು ಬಂದಾಗ ಹಿಂದಿನವರ ಕರಾರನ್ನು ತೆರೆದು ಹೆಸರು, ವಯಸ್ಸು, ತಾರೀಕು, ಬಾಡಿಗೆ ತಿದ್ದಿ ಅಮ್ಮನಿಗೆ ಕಳಿಸುತ್ತಿದ್ದೆ. ಅಮ್ಮ ಅದನ್ನು ಪಕ್ಕದ ಅಂಗಡಿಯಲ್ಲಿ ಛಾಪಾ ಕಾಗದದ ಮೇಲೆ ಪ್ರಿಂಟ್ ಹಾಕಿಸುತ್ತಿದ್ದಳು. ಹನ್ನೊಂದು ತಿಂಗಳಿಗೊಮ್ಮೆ ಅದೇ ಫೈಲು, ಹೊಸ ತಾರೀಕು. ನಮ್ಮ ಊರಿನಲ್ಲಿ ಬಾಡಿಗೆ ಕರಾರುಗಳು ಹೀಗೆಯೇ ಒಂದರಿಂದ ಒಂದು ಹುಟ್ಟುತ್ತವೆ. ಸಹಿ ಹಾಕುವವರೂ ಬಾಡಿಗೆಯ ಸಾಲು ನೋಡಿ ಉಳಿದದ್ದನ್ನು ಮಡಚುತ್ತಾರೆ.

ಕೆಳಗಿನ ಕೋಣೆಯ ಆ ದಂಪತಿ ಗದಗದ ಕಡೆಯವರು. ಆತ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಆಕೆ ಗಾರ್ಮೆಂಟ್ಸಿನಲ್ಲಿ ಹೊಲಿಗೆ. ನಾಲ್ಕು ವರ್ಷ ಇದ್ದರು. ಮೂರನೆಯ ವರ್ಷ ಅಮ್ಮ ತೀರಿಕೊಂಡಳು. ಅದರ ಮರುವರ್ಷ ಆತ ಊರಿಗೆ ಹೋಗಿಬರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಊರಿಗೂ ಹೋಗಿರಲಿಲ್ಲ. ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ಬೇರೆ ಮನೆ ಮಾಡಿದ್ದಾನೆಂದು ಆಕೆಗೆ ಗೊತ್ತಾದದ್ದು ತಡವಾಗಿ. ಅಷ್ಟರಲ್ಲಿ ಗಾರ್ಮೆಂಟ್ಸ್ ಮುಚ್ಚಿತ್ತು, ಮಷೀನಿನ ಮುಂದೆ ಕೂತು ಕೂತು ಆಕೆಯ ಸೊಂಟ ಹಿಡಿದಿತ್ತು. ಕೋಣೆ ಬಿಟ್ಟು, ಲಗ್ಗೆರೆಯಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಸೇರಿಕೊಂಡು, ಒಂದು ಖಾನಾವಳಿಗೆ ರೊಟ್ಟಿ ಬಡಿಯತೊಡಗಿದಳು. ಸೊಂಟ ನೋವು ಹೆಚ್ಚಾದ ದಿನ ಕೆಲಸವಿಲ್ಲ.

ಒಂದು ಭಾನುವಾರ ಪೀಣ್ಯದ ಮನೆಗೆ ನನ್ನನ್ನು ಹುಡುಕಿಕೊಂಡು ಬಂದಳು.

"ಅಕ್ಕಾರ, ಕೇಸ್ ಹಾಕಾಕತ್ತೇನ್ರಿ. ಹೊಟ್ಟಿ-ಬಟ್ಟಿ ಕೇಸು. ನೀವೊಂದೀಟು ಕಾಗದ ಓದಿ ಹೇಳ್ಬೇಕು."

ಅಮ್ಮನಿದ್ದಿದ್ದರೆ ಅನ್ನ-ಬಟ್ಟೆ ಕೇಸು ಎನ್ನುತ್ತಿದ್ದಳು. ಕಾಗದದಲ್ಲಿದ್ದ ಪದ ಜೀವನಾಂಶ. ಅದೇ ವಾರ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಯಾವುದೋ ದೊಡ್ಡವರ ವಿಚ್ಛೇದನದ ಸುದ್ದಿ ಹಿಡಿದು ಹುಡುಗರು ಮಾತಾಡಿಕೊಳ್ಳುತ್ತಿದ್ದರು. "ಅಲಿಮನಿ ಅಂದ್ರೆ ಲಾಟರಿ ಕಣೋ ಮಗಾ," ಎಂದ ಒಬ್ಬ. "ಟಿಕೆಟ್ ತಗೊಂಡಿರೋನು ನೀನು, ಹೊಡಿಯೋದು ಮಾತ್ರ ಅವ್ಳಿಗೆ," ಎಂದ ಇನ್ನೊಬ್ಬ. ನಾನೂ ನಕ್ಕಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕೆನೇ, ಸುಮ್ಮನೆ ತುಟಿ ಅಗಲಿಸಿದೆನೇ ಎಂಬುದು ನೆನಪಿಲ್ಲ. ಸುಮ್ಮನೆ ತುಟಿ ಅಗಲಿಸಿದೆ ಎಂದು ನೆನಪಿಟ್ಟುಕೊಳ್ಳುವುದು ನನಗೆ ಅನುಕೂಲ. ಹಾಗಾಗಿ ಆ ನೆನಪನ್ನು ಪೂರ್ತಿ ನಂಬುವುದಿಲ್ಲ.

ಆಕೆಯ ವಕೀಲೆ ಉಚಿತ ಕಾನೂನು ನೆರವಿನಿಂದ ಸಿಕ್ಕವರು. ಚುರುಕು ಹೆಂಗಸು. ನಾನು ಅಲಿಮನಿ ಎಂದಾಗ ಅವರು ತಿದ್ದಿದರು. ಅದು ವಿಚ್ಛೇದನದ ಜೊತೆ ಬರುವಂಥದ್ದು, ಇದು ವಿಚ್ಛೇದನವಿಲ್ಲದೆಯೂ ಕೇಳಬಹುದಾದ ತಿಂಗಳ ಪೋಷಣೆ. ಕನ್ನಡದಲ್ಲಿ ಎರಡಕ್ಕೂ ಜೀವನಾಂಶ ಎಂದೇ ಹೇಳುತ್ತೇವೆ. ಬೇಕಾದರೆ ಮೊದಲನೆಯದಕ್ಕೆ ಶಾಶ್ವತ ಎಂದು ಸೇರಿಸುತ್ತಾರೆ ಎಂದರು. ಅರ್ಜಿಯ ಕರಡು ಓದುತ್ತಾ ಒಂದು ಸಾಲಿಗೆ ಬಂದೆವು: ಅರ್ಜಿದಾರಳು ತನ್ನನ್ನು ತಾನು ಪೋಷಿಸಿಕೊಳ್ಳಲು ಅಶಕ್ತಳಾಗಿರುತ್ತಾಳೆ.

"ಯಾರ್ರಿ ಅಶಕ್ತಳು?" ಎಂದಳು ಆಕೆ. "ಹದಿನೇಳನೇ ವರ್ಸದಿಂದ ದುಡಕೋತ ಬಂದೇನ್ರಿ ನಾನು. ಮದಿವ್ಯಾದ ಹೊಸದಾಗ ಅವರಿಗೆ ಕೆಲಸ ಇಲ್ದಾಗ ಆರು ತಿಂಗಳು ನಾನs ಉಣಿಸೇನಿ."

"ಕಾನೂನಿನ ಮಾತು ಕಣ್ರೀ ಅದು," ಎಂದರು ವಕೀಲೆ. "ಕೈಕಾಲು ಬಿದ್ದೋಗಿದೆ ಅಂತಲ್ಲ. ಅವರ ಜೊತೆ ಇದ್ದಾಗ ಹೇಗಿದ್ರೋ ಹಾಗೆ ಈಗ ಒಬ್ರೇ ಬದುಕೋಕೆ ಆಗ್ತಿಲ್ಲ ಅಂತ."

"ಹಂಗಾದ್ರ ಹಂಗs ಬರೀರಲ್ಲ."

ವಕೀಲೆ ನಕ್ಕು ರೊಟ್ಟಿಯ ಕೆಲಸದ ಬಗ್ಗೆ, ಸೊಂಟದ ಬಗ್ಗೆ ಎರಡು ಸಾಲು ಸೇರಿಸಿದರು. ಅಶಕ್ತಳು ಎಂಬುದು ಹಾಗೇ ಉಳಿಯಿತು. ಆಕೆ ಸಹಿ ಹಾಕಿದಳು, ಪೆನ್ನು ಒತ್ತಿ.

ಕೌಟುಂಬಿಕ ನ್ಯಾಯಾಲಯದ ಪಡಸಾಲೆಯಲ್ಲಿ ಕಾಯುವಾಗ ನಾನು ಆ ಪದಗಳ ಮೂಲ ಹುಡುಕಿದ್ದೆ. ಓದಿದವರ ಚಟ ಇದು. ಕಷ್ಟ ಎದುರಿಗೆ ಕೂತಿರುವಾಗ ನಿಘಂಟು ತೆರೆಯುವುದು. ಅಲಿಮನಿಯ ಬೇರು ಲ್ಯಾಟಿನ್ನಿನಲ್ಲಿದೆಯಂತೆ. ಉಣಿಸು, ಸಾಕು ಎಂಬ ಅರ್ಥದ ಮಾತಿನಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಮದುವೆಯ ವ್ಯಾಜ್ಯಗಳನ್ನು ಚರ್ಚಿನ ನ್ಯಾಯಾಲಯಗಳು ನೋಡುತ್ತಿದ್ದ ಕಾಲದಲ್ಲಿ ಮದುವೆಯನ್ನು ಮುರಿಯುವುದು ಸುಲಭವಿರಲಿಲ್ಲ. ಹಾಸಿಗೆ ಬೇರೆ, ಊಟದ ಮೇಜು ಬೇರೆ ಮಾಡಿಕೊಂಡಿರಿ ಎಂದು ಅಪ್ಪಣೆ ಕೊಡುತ್ತಿದ್ದರು. ಹೆಂಡತಿಯ ಕೈಯಲ್ಲಿದ್ದುದೆಲ್ಲ ಮದುವೆಯ ದಿನವೇ ಬಹುಪಾಲು ಗಂಡನದಾಗಿರುತ್ತಿತ್ತು. ಹಾಗಾಗಿ ಮೇಜಿನಿಂದ ಎದ್ದುಹೋದವಳ ಊಟ ಅವನ ಹೊಣೆಯಾಗಿಯೇ ಉಳಿಯುತ್ತಿತ್ತು. ನಮ್ಮಲ್ಲಿ ಇನ್ನೂ ಹಳೆಯ ಮಾತುಗಳಿವೆ. ಭರ್ತೃ ಎಂದರೆ ಹೊರುವವನು, ಸಲಹುವವನು. ಭಾರ್ಯೆ ಎಂದರೆ ಅವನು ಸಲಹಬೇಕಾದವಳು. ಅವನಿಗೆ ಆರು ತಿಂಗಳು ಉಣಿಸಿದವಳು ಪಕ್ಕದ ಬೆಂಚಿನಲ್ಲಿ ಬುತ್ತಿ ಬಿಚ್ಚಿ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ನನಗೊಂದು ಸುತ್ತಿ ಕೊಟ್ಟಳು. ಇದನ್ನೆಲ್ಲ ಆಕೆಗೆ ಹೇಳೋಣವೆಂದು ಬಾಯಿ ತೆರೆದವಳು ರೊಟ್ಟಿ ತಿಂದೆ.

ಆತ ಹಾಕಿದ ತಕರಾರು ಎರಡು ತಿಂಗಳ ಮೇಲೆ ಬಂತು. ಈಕೆ ನನ್ನ ಹೆಂಡತಿಯೇ ಅಲ್ಲ ಎಂದಿದ್ದ. ಮದುವೆ ಆಕೆಯ ಊರಿನ ಗುಡಿಯಲ್ಲಿ ನಾಲ್ಕು ಜನರ ಮುಂದೆ ಆದದ್ದು, ನೋಂದಣಿಯಾಗಿರಲಿಲ್ಲ. ಫೋಟೋ ಇದ್ದದ್ದು ಆತನ ಫೋನಿನಲ್ಲಿ. ಆಕೆಯ ಆಧಾರಿನಲ್ಲಿ ಇನ್ನೂ ಅಪ್ಪನ ಹೆಸರಿತ್ತು. ಅಪ್ಪ ಈಗಿಲ್ಲ. ಮಕ್ಕಳಾಗಿರಲಿಲ್ಲ. ನಾಲ್ಕು ವರ್ಷ ಒಟ್ಟಿಗೆ ಸಂಸಾರ ಮಾಡಿದ್ದನ್ನು ತೋರಿಸಿದರೂ ಸಾಕು ಎಂದು ವಕೀಲೆ ಧೈರ್ಯ ಹೇಳಿದ್ದರು. ಆದರೆ ಆತ ನಮ್ಮ ಬಾಡಿಗೆ ಕರಾರನ್ನೇ ಹಾಜರುಪಡಿಸಿದ್ದ.

ಅಂದು ಸಂಜೆ ವಕೀಲೆಯ ಫೋನು ಬಂತು. "ಮೇಡಂ, ಈ ಅಗ್ರಿಮೆಂಟ್ ಬರ್ದವರು ಯಾರು?"

"ನಾನೇ."

"ಇದ್ರಲ್ಲಿ ಹೆಂಡ್ತಿ ಅಂತ ಇರೋ ಹೆಸ್ರು ಯಾರ್ದು?"

ಅವರು ಓದಿ ಹೇಳಿದ ಹೆಸರು ಆಕೆಯದಾಗಿರಲಿಲ್ಲ. ಯಾರದೆಂದು ನನಗೆ ತಕ್ಷಣ ಹೊಳೆಯಲೂ ಇಲ್ಲ. ಆತನ ವಾದ ಸರಳವಾಗಿತ್ತು: ನಾನು ಆಗ ಬ್ಯಾಚುಲರ್. ಬ್ಯಾಚುಲರ್‌ಗೆ ಆ ಮನೆ ಮಾಲೀಕರು ಮನೆ ಕೊಡುವುದಿಲ್ಲ, ಆದ್ದರಿಂದ ಬಾಯಿಗೆ ಬಂದ ಒಂದು ಹೆಂಡತಿಯ ಹೆಸರು ಬರೆಸಿದೆ. ಈಕೆ ಕಾರ್ಖಾನೆಯ ಕಡೆಯ ಪರಿಚಯ, ಬಂದು ಹೋಗುತ್ತಿದ್ದಳು ಅಷ್ಟೇ. ಬೆಂಗಳೂರಿನಲ್ಲಿ ಮನೆ ಹುಡುಕಿದ ಯಾರಿಗೂ ಇದು ನಂಬಲಾಗದ ಸುಳ್ಳು ಅನ್ನಿಸುವುದಿಲ್ಲ. ಇಂಥ ಸುಳ್ಳನ್ನು ದಿನಕ್ಕೆ ನೂರು ಜನ ಹೇಳುತ್ತಾರೆ.

ಬೇರೆ ಹೆಣ್ಣು ಬಂದು ಕೂರಬಾರದೆಂದು ಅಮ್ಮ ಬರೆಸಿದ ಸಾಲು ಅದು. ಆ ಸಾಲಿನಲ್ಲಿ ಬೇರೆ ಹೆಣ್ಣನ್ನು ಕೂರಿಸಿದವಳು ನಾನು.

ಮರುದಿನ ರಜೆ ಹಾಕಿ, ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸಿ ಪೀಣ್ಯಕ್ಕೆ ಹೋದೆ. ಅಮ್ಮನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಹಳೆಯ ಕರಾರುಗಳೆಲ್ಲ ಇದ್ದವು. ಅವುಗಳ ಹಿಂಬದಿಯಲ್ಲಿ ಅಮ್ಮ ಏನೇನೋ ಬರೆದಿಟ್ಟಿದ್ದಳು: ಮೇಲಿನ ಮನೆ ಬೀಗದ ಕೈ ಅಂಗಡಿಯಲ್ಲಿ, ಸಿಂಟೆಕ್ಸ್ ತೊಳೆಸಬೇಕು. ಆ ಹೆಸರು ಸಿಕ್ಕಿತು. ಇವರು ಬರುವ ಆರು ತಿಂಗಳ ಮೊದಲು ಎರಡನೇ ಮಹಡಿಯಲ್ಲಿದ್ದು ಖಾಲಿ ಮಾಡಿದ ಸೆಕ್ಯೂರಿಟಿ ಗಾರ್ಡೊಬ್ಬನ ಹೆಂಡತಿಯ ಹೆಸರು. ಅವರ ಕರಾರನ್ನು ತೆರೆದು ಗಂಡನ ಹೆಸರು ಬದಲಿಸಿದ್ದೆ, ಹೆಂಡತಿಯದನ್ನು ಬಿಟ್ಟಿದ್ದೆ. ಮುಂದೆ ಅಮ್ಮ ಇರುವವರೆಗೆ ಎರಡು ಸಲ ನವೀಕರಿಸಿದಾಗಲೂ ಹಾಗೇ. ಕರಾರಿನ ಕೊನೆಯಲ್ಲಿ ಬರುವ ಮನೆಯ ವಿವರದಲ್ಲೂ ಕೋಣೆ ಎರಡನೇ ಮಹಡಿಯದು ಎಂದೇ ಇತ್ತು. ಇವರಿದ್ದದ್ದು ನೆಲಮಹಡಿಯಲ್ಲಿ. ಗಂಡಂದಿರ ಹೆಸರನ್ನು ಮಾತ್ರ ಸರಿಯಾಗಿ ಹಾಕಿದ್ದೇಕೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಅವಸರ ಎಂದು ಉತ್ತರ ಕೊಟ್ಟುಕೊಳ್ಳುತ್ತೇನೆ. ಆ ಉತ್ತರ ಪೂರ್ತಿ ಸಮಾಧಾನ ಕೊಡುವುದಿಲ್ಲ.

ಆಕೆಗೆ ವಿಷಯ ನಾನೇ ಹೇಳಬೇಕಿತ್ತು. ಹೇಳಿದೆ. ಆಕೆ ಕರಾರಿನ ಪ್ರತಿಯನ್ನು ತೆಗೆದುಕೊಂಡು ಆ ಸಾಲನ್ನು ಓದಿದಳು, ಬೆರಳಿಟ್ಟು.

"ನನಗ ಕನ್ನಡ ಓದಾಕ ಬರತೈತ್ರಿ ಅಕ್ಕಾರ," ಎಂದಳು. "ಆವಾಗ ಯಾರೂ ಕೈಯಾಗ ಕೊಡಲಿಲ್ಲ."

ಅದಕ್ಕಿಂತ ಹೆಚ್ಚು ಬೈಯಲಿಲ್ಲ.

ಸಾಕ್ಷಿ ಹೇಳಲು ಒಪ್ಪಿದೆ. ಅಮ್ಮ ಇರಲಿಲ್ಲ. ಆಗಿನ ಬಾಡಿಗೆದಾರರು ಚದುರಿಹೋಗಿದ್ದರು. ವಕೀಲೆಗೆ ನಾನು ಹಾಲುಕ್ಕಿಸಿದ ಕತೆ ಹೇಳಿದಾಗ ಅವರ ಮುಖ ಅರಳಿತು. "ಸಾಕು, ಅಷ್ಟು ಸಾಕು ಮೇಡಂ. ಇಬ್ರೂ ಸೇರಿ ಹಾಲುಕ್ಕಿಸಿದ್ದನ್ನ ಕಣ್ಣಾರೆ ನೋಡಿದ್ರಿ. ಜಡ್ಜ್ ಮನಸಲ್ಲಿ ನಿಲ್ಲುತ್ತೆ."

ನನ್ನ ಮನಸ್ಸಿನಲ್ಲೂ ನಿಂತಿತ್ತು, ಆದರೆ ನಾನು ದಿನಚರಿ ಬರೆಯುವವಳು. ಮನೆಗೆ ಬಂದು ಆ ವರ್ಷದ ಪುಸ್ತಕ ತೆಗೆದೆ. ಮೊದಲ ಕರಾರಿನ ತಾರೀಕಿನ ಆ ಇಡೀ ವಾರ ನಾನು ಪುಣೆಯಲ್ಲಿದ್ದೆ, ಆಫೀಸಿನ ತರಬೇತಿಗೆ. ಹೋಟೆಲಿನ ಊಟದ ಬಗ್ಗೆ ದೂರು ಬರೆದುಕೊಂಡಿದ್ದೆ. ಕುಕ್ಕರು, ಹೆಗಲ ಮೇಲಿನ ಒಲೆ, ಸೆರಗು, ನಗು ಎಲ್ಲವೂ ಅಮ್ಮ ಫೋನಿನಲ್ಲಿ ಹೇಳಿದ್ದಿರಬೇಕು. ಹೇಳಿದ್ದಳು ಎಂಬುದಕ್ಕೂ ನನ್ನಲ್ಲಿ ಬರಹವಿಲ್ಲ. ಸೆರಗನ್ನು ನಾನೇ ಸೇರಿಸಿಕೊಂಡೆನೋ ಏನೋ. ನಾನು ಕಂಡಾಗಲೆಲ್ಲ ಆಕೆ ಚೂಡಿದಾರದಲ್ಲೇ ಇರುತ್ತಿದ್ದಳು.

ಎರಡು ದಿನ ಒದ್ದಾಡಿದೆ. ಹಾಲು ಉಕ್ಕಿದ್ದು ನಿಜ. ಇಬ್ಬರೂ ಬಂದದ್ದು ನಿಜ. ನೋಡಿದವಳು ನಾನು ಎಂಬುದೊಂದೇ ಸುಳ್ಳು. ನನ್ನ ತಪ್ಪಿನಿಂದ ಕೆಟ್ಟ ಕೇಸನ್ನು ಇಷ್ಟು ಚಿಕ್ಕ ಸುಳ್ಳಿನಿಂದ ಸರಿಮಾಡಬಹುದಾದರೆ ಮಾಡಬೇಕಲ್ಲವೇ ಎಂದೂ ಅನ್ನಿಸಿತು. ಕೊನೆಗೆ ವಕೀಲೆಗೆ ಫೋನ್ ಮಾಡಿ, ಅಂದು ನಾನು ಅಲ್ಲಿರಲಿಲ್ಲ, ಕಣ್ಣಾರೆ ನೋಡಿದೆ ಎಂದು ಹೇಳಲಾರೆ ಎಂದೆ. ಅವರು ನಿಟ್ಟುಸಿರು ಬಿಟ್ಟು, "ಹಾಗಾದ್ರೆ ನಿಮಗೆ ಖಂಡಿತವಾಗಿ ಗೊತ್ತಿರೋದೇನು, ಅದನ್ನ ಹುಡುಕಿ," ಎಂದರು.

ಹುಡುಕಿದೆ. ದಿನಚರಿಯ ನಾಲ್ಕು ವರ್ಷದ ಭಾನುವಾರಗಳಲ್ಲಿ ಅವರು ಕಾಣಿಸಿಕೊಂಡದ್ದು ಕಡಿಮೆ, ಅದೂ ನನಗೆ ಕಿರಿಕಿರಿಯಾದಾಗ ಮಾತ್ರ. ಒಂದು ಪುಟದಲ್ಲಿ ಹೀಗಿತ್ತು: ಮಧ್ಯಾಹ್ನ ನಿದ್ದೆ ಇಲ್ಲ. ಕೆಳಗಿನ ಗಂಡ ಹೆಂಡತಿ ಮತ್ತೆ ಜಗಳ, ಈ ಸಲ ಕುಕ್ಕರಿನ ರಬ್ಬರಿಗೆ. ಅಮ್ಮ ಇವರನ್ನು ಮನೆ ಬಿಡಿಸಬಾರದೇ.

ನಾನು ಸಾಕ್ಷಿಗೆ ನಿಂತ ದಿನ ಆತನೂ ಬಂದಿದ್ದ, ಇಸ್ತ್ರಿ ಮಾಡಿದ ಷರ್ಟಿನಲ್ಲಿ. ನನ್ನನ್ನು ನೋಡಿ ಅಭ್ಯಾಸಬಲದಿಂದ "ನಮಸ್ಕಾರ ಅಕ್ಕಾರ" ಎಂದ. ನಾನೂ ಅಭ್ಯಾಸಬಲದಿಂದ ನಮಸ್ಕರಿಸಿದೆ. ಆತನ ವಕೀಲರು ವಯಸ್ಸಾದವರು, ದನಿ ಏರಿಸದೆ ಕೇಳುವವರು.

"ಇವ್ರು ಮನೆಗೆ ಬಂದ ದಿನ ನೀವಲ್ಲಿದ್ರಾ?"

"ಇರಲಿಲ್ಲ."

"ಮದ್ವೆ ನೋಡಿದ್ರಾ?"

"ಇಲ್ಲ."

"ಅಗ್ರಿಮೆಂಟಲ್ಲಿ ಆ ಹೆಸ್ರು ಟೈಪ್ ಮಾಡಿದ್ದು ನೆನಪಿದ್ಯಾ?"

"ಇಲ್ಲ."

"ಏನೂ ನೆನಪಿಲ್ಲ. ಆದ್ರೆ ತಪ್ಪಾಯ್ತು ಅನ್ನೋದು ಮಾತ್ರ ಗೊತ್ತು. ಒಂದ್ಸಲ ತಪ್ಪಾಗ್ಬೋದಮ್ಮ. ಮೂರು ಸಲಾನಾ?"

"ಮೂರು ಸಲವೂ ಓದಲಿಲ್ಲ ಸರ್. ಆ ಹೆಸರು ನಾನು ಟೈಪ್ ಮಾಡಿದ್ದಲ್ಲ, ಅಳಿಸದೆ ಬಿಟ್ಟದ್ದು. ಅದರ ಹಿಂದಿನ ಕರಾರು ಕೊಟ್ಟಿದ್ದೇನೆ. ಎರಡನೇ ಮಹಡಿ ಅಂತ ಇರುವುದನ್ನೂ ನೋಡಿ. ಬಾಯಿಗೆ ಬಂದ ಹೆಸರು ಹೇಳಿದೆ ಅಂತಾರೆ ಅವರು. ಮೊದಲಿದ್ದವರ ಹೆಂಡತಿಯ ಹೆಸರೇ ಅವರ ಬಾಯಿಗೆ ಹೇಗೆ ಬಂತು?"

ನ್ಯಾಯಾಧೀಶೆ ಎರಡೂ ಕರಾರುಗಳನ್ನು ಪಕ್ಕಪಕ್ಕ ಇಟ್ಟು ಓದಿದರು. ಅಷ್ಟು ನಿಧಾನವಾಗಿ ಆ ಕಾಗದಗಳನ್ನು ಅದಕ್ಕೆ ಮೊದಲು ಯಾರೂ ಓದಿರಲಿಲ್ಲ. ಆಮೇಲೆ ದಿನಚರಿಯ ಪುಟ ನೋಡಿ, ಇದನ್ನು ನೀವೇ ಓದಿ ಎಂದರು. ಓದಿದೆ. ಇವರನ್ನು ಮನೆ ಬಿಡಿಸಬಾರದೇ ಎಂಬುದನ್ನೂ ಓದಿದೆ, ಆಕೆ ಹತ್ತು ಅಡಿ ದೂರದಲ್ಲಿ ಕೂತಿದ್ದಳು. ಬಿಟ್ಟು ಓದಬಹುದಿತ್ತು. ಆದರೆ ಒಂದು ಸಾಲನ್ನು ಬಿಟ್ಟದ್ದರಿಂದಲೇ ನಾವೆಲ್ಲ ಅಲ್ಲಿದ್ದೆವು.

ಹೊರಗೆ ಬಂದ ಮೇಲೆ ಕ್ಷಮೆ ಕೇಳೋಣವೆಂದು ಹತ್ತಿರ ಹೋದೆ. ಆಕೆ ಬೇರೆಯೇ ಯೋಚನೆಯಲ್ಲಿದ್ದಳು.

"ಆ ರಬ್ಬರ್ ಅವರs ತರಬೇಕಿತ್ರಿ," ಎಂದಳು. "ಮೂರು ದಿನ ಮರತಿದ್ರು. ಬ್ಯಾಳಿ ಬೇಯ್ಲಿಲ್ಲ. ಜಗಳ ಆಡ್ದೆ ಏನ್ ಮಾಡ್ಲಿ ಹೇಳ್ರಿ?"

ಆದೇಶ ಬರಲು ಇನ್ನೂ ನಾಲ್ಕು ತಿಂಗಳಾಯಿತು. ಇಬ್ಬರೂ ಗಂಡ ಹೆಂಡತಿಯಾಗಿ ಬಾಳಿದ್ದಾರೆ, ಆತ ತಿಂಗಳು ತಿಂಗಳು ಜೀವನಾಂಶ ಕೊಡಬೇಕು ಎಂದಿತ್ತು. ಮೊತ್ತ ದೊಡ್ಡದಲ್ಲ. ಆತ ಎರಡು ತಿಂಗಳು ಸರಿಯಾಗಿ ಕೊಟ್ಟ. ಮೂರನೆಯದಕ್ಕೆ ವಕೀಲೆ ಫೋನ್ ಮಾಡಬೇಕಾಯಿತು. ಮುಂದೆಯೂ ಹೀಗೇ ಇರುತ್ತದೆಂದು ಆಕೆಗೆ ಗೊತ್ತಿದೆ. ಆದರೆ ಸೊಂಟ ಹಿಡಿದ ದಿನ ಈಗ ಆಕೆ ಮಲಗಬಹುದು.

ಕಳೆದ ತಿಂಗಳು ಪೀಣ್ಯದ ಮನೆಯ ಕೆಳಗಿನ ಕೋಣೆ ಖಾಲಿಯಾಯಿತು. ಆಕೆ ತಾನೇ ಬಂದು ಕೇಳಿದಳು. ಅಮ್ಮನ ಕಟ್ಟಳೆಯ ಪ್ರಕಾರ ಒಂಟಿ ಹೆಂಗಸಿಗೆ ಕೊಡುವಂತಿಲ್ಲ. ಕೊಟ್ಟೆ. ಈ ಸಲ ಹಳೆಯ ಫೈಲು ತೆರೆಯಲಿಲ್ಲ, ಖಾಲಿ ಪುಟದಿಂದ ಶುರುಮಾಡಿದೆ. ಆಕೆ ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಜೋರಾಗಿ ಓದುತ್ತಿದ್ದಳು. ಆಕೆಯ ಹೆಸರು, ವಯಸ್ಸು, ರೊಟ್ಟಿ ಕೆಲಸ, ನೆಲಮಹಡಿ. ಗಂಡನ ಹೆಸರಿನ ಸಾಲನ್ನು ನಾನು ಹಾಕಲೇ ಇಲ್ಲ. ಕರಾರು ಆಕೆಯೊಬ್ಬಳದೇ ಆಗಿರಲಿ ಎಂಬುದು ನನ್ನ ಆಸೆ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಕೊನೆಯವರೆಗೂ ಓದಿ ಆಕೆ ಮತ್ತೆ ಮೇಲಕ್ಕೆ ಹೋದಳು.

"ಅವರ ಹೆಸರು ಬಿಟ್ಟೀರಿ ಅಕ್ಕಾರ."

"ಬೇಕಾ ಅಂತ."

"ಬರೀರಿ. ನಾ ಅವರ ಹೇಂತಿ ಅಂತ ಕೋರ್ಟಿನಾಗ ಬರಸಾಕ ಒಂದ್ ವರ್ಸ ತಿರಗೇನ್ರಿ. ಈಗ ಬಿಟ್ರ ಹೆಂಗ?"

ಬರೆದೆ. ಆಕೆ ಆ ಸಾಲನ್ನು ಇನ್ನೊಮ್ಮೆ ಓದಿ, ಪ್ರಿಂಟ್ ಆದ ಕೂಡಲೇ ತನ್ನದೊಂದು ಪ್ರತಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಹಾಲು ತರಲು ಹೋದಳು. ಈ ಸಲ ನಾನು ಅಲ್ಲೇ ನಿಂತು ನೋಡಿದೆ. ಹಾಲು ಉಕ್ಕುವ ಮೊದಲೇ ಆಕೆ ಒಲೆ ಸಣ್ಣ ಮಾಡಿದಳು. ಒಂದು ಹನಿ ಮಾತ್ರ ಅಂಚು ದಾಟಿತು. ಆಕೆ ಚೂಡಿದಾರದಲ್ಲಿದ್ದಳು. ಅಂದು ಸಂಜೆಯೇ ಬರೆದಿಟ್ಟಿದ್ದೇನೆ.